ಮುಸುಕಿನ ಜೋಳಕ್ಕೆ ಬ್ಯಾಕ್ಟೀರಿಯಾ ಪೊಟ್ಟಣ ಹಾಕಿದೆ, ಏನೂ ಕಾಣಲಿಲ್ಲ. ಈ ಸಲ ಮತ್ತೆ ಹಾಕಬೇಕಾ?

ಕೆಂಪುಮಣ್ಣು (ಗೌರಿಬಿದನೂರು) – ಮೇ 27

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಎಕರೆ ಮುಸುಕಿನ ಜೋಳ. ಕೆಂಪು ಮಣ್ಣು, ಬೋರಲ್ಲಿ ಒಂದೂವರೆ ಇಂಚು ನೀರು. ಮಳೆ ಕೈಕೊಟ್ಟರೆ ಮಾತ್ರ ನೀರು ಬಿಡುತ್ತೇವೆ.

ಹೋದ ವರ್ಷ ಅಂಗಡಿಯವರು ಹೇಳಿದರು ಅಂತ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಅಜೋಸ್ಪಿರಿಲಮ್ ಎರಡು ಕೆಜಿ, ರಂಜಕ ಕರಗಿಸುವ ಪಿಎಸ್‌ಬಿ ಎರಡು ಕೆಜಿ ತಂದೆ. ಇದು ಹಾಕಿದರೆ ಎಕರೆಗೆ ಯೂರಿಯಾ ಒಂದು ಚೀಲ ಕಮ್ಮಿ ಮಾಡಬಹುದು ಅಂದರು. ನಂಬಿ ಕಮ್ಮಿ ಮಾಡಿದೆ. ಪೈರು ಸೊಂಟದುದ್ದ ಬರುವಷ್ಟರಲ್ಲಿ ಕೆಳಗಿನ ಎಲೆಗಳು ತುದಿಯಿಂದ ಹಳದಿ ತಿರುಗಿದವು. ನಡುನರದ ಉದ್ದಕ್ಕೆ ಒಳಗೆ ಹೋಗುತ್ತಾ ಹೋಗುತ್ತಾ ಕೆಳಗಿನ ಎರಡು ಮೂರು ಎಲೆ ಒಣಗೇ ಹೋದವು. ಪಕ್ಕದ ಹೊಲದವರು ಇಂಥದ್ದು ಯಾವುದೂ ಹಾಕಿರಲಿಲ್ಲ, ಎಕರೆಗೆ ನನಗಿಂತ ನಾಲ್ಕು ಮೂಟೆ ಜಾಸ್ತಿ ತೆಗೆದರು. ಒಕ್ಕಣೆ ದಿನ ಅವರು ಏನೂ ಹೇಳಲಿಲ್ಲ, ಸುಮ್ನೆ ನಕ್ಕರು. ಅದೇ ಜಾಸ್ತಿ ಉರಿಯಿತು.

ಈ ವರ್ಷ ಮಣ್ಣು ಪರೀಕ್ಷೆ ಮಾಡಿಸಿದ್ದೇನೆ. ಸಾವಯವ ಇಂಗಾಲ ಶೇ. 0.34, ಪಿಎಚ್ 6.1, ಸಾರಜನಕ ಕಡಿಮೆ, ರಂಜಕ ಹೆಚ್ಚು, ಪೊಟ್ಯಾಷ್ ಮಧ್ಯಮ, ಸತು ಕಡಿಮೆ. ಐದು ವರ್ಷದ ಹಿಂದೆ ಇದೇ ಜಾಗದಲ್ಲಿ ಟೊಮೇಟೊ ಇಡುತ್ತಿದ್ದೆವು. ಈಗ ಹೇಳಿ, ಮತ್ತೆ ಪೊಟ್ಟಣ ತರಬೇಕಾ, ಇಲ್ಲ ಆ ದುಡ್ಡಿಗೆ ಇನ್ನೊಂದು ಚೀಲ ಯೂರಿಯಾ ತರಬೇಕಾ?

ಬದುಮೇಲಿನ ಹೊಂಗೆ (ಮಧುಗಿರಿ)

ಅಣ್ಣ, ಉತ್ತರ ಹೇಳುವ ಮುಂಚೆ ಎರಡು ಪ್ರಶ್ನೆ. ಪೊಟ್ಟಣವನ್ನು ಅಂಗಡಿಯಲ್ಲಿ ಎಲ್ಲಿಟ್ಟಿದ್ದರು? ನೀವು ಯಾವುದರ ಜೊತೆ ಬೆರೆಸಿ ಹಾಕಿದಿರಿ? ನಿಜ ಹೇಳಿ, ಯಾರೂ ಬೈಯುವುದಿಲ್ಲ.

ಕೆಂಪುಮಣ್ಣು

ಅಂಗಡಿ ಮುಂದೆ ತಗಡಿನ ಶೀಟಿನ ಕೆಳಗೆ, ಗೊಬ್ಬರದ ಮೂಟೆಗಳ ಮೇಲೆ ಜೋಡಿಸಿದ್ದರು. ನಾನು ತಂದು ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಮೇಲೆ ಇಟ್ಟೆ. ಮಳೆ ಕಾಯುತ್ತಾ ಹನ್ನೆರಡು ದಿನ ಅಲ್ಲೇ ಇತ್ತು. ಬಿತ್ತುವ ದಿನ ರಂಜಕದ ರಸಗೊಬ್ಬರ ಡಿಎಪಿ ಜೊತೆ ಕಲಸಿ ಸಾಲಿಗೆ ಹಾಕಿದೆವು. ಎರಡೆರಡು ಸಲ ಯಾಕೆ ಕೈ ಆಡಿಸುವುದು ಅಂತ.

ಬದುಮೇಲಿನ ಹೊಂಗೆ

ಉಪ್ಪಿನಕಾಯಿ ಜಾಡಿಗೆ ಮೀನು ಬಿಟ್ಟು, ಈಜಲಿಲ್ಲ ಅಂದ ಹಾಗಾಯಿತು ನಿಮ್ಮ ಕಥೆ. ಬೈಯುವುದಿಲ್ಲ ಅಂದಿದ್ದೆ, ಆದರೆ ನಗುವುದಿಲ್ಲ ಅಂದಿರಲಿಲ್ಲ ಅಲ್ವಾ.

ಅದು ಜೀವ ಇರುವ ವಸ್ತು ಅಣ್ಣ. ರಾಸಾಯನಿಕ ಗೊಬ್ಬರ ಅಂದರೆ ಉಪ್ಪು. ಡಿಎಪಿ ಹರಳಿನ ಪಕ್ಕದಲ್ಲಿ ಬ್ಯಾಕ್ಟೀರಿಯಾ ಇಟ್ಟರೆ ಅದರ ಮೈಯಲ್ಲಿರುವ ನೀರನ್ನು ಉಪ್ಪು ಎಳೆದುಕೊಳ್ಳುತ್ತದೆ. ಹನ್ನೆರಡು ದಿನ ತಗಡಿನ ಶೆಡ್ಡಿನ ಕಾವಿಗೇ ಅರ್ಧ ಸತ್ತಿರುತ್ತವೆ, ಉಳಿದದ್ದನ್ನು ಡಿಎಪಿ ಮುಗಿಸಿದೆ. ನೀವು ಹೊಲಕ್ಕೆ ಹಾಕಿದ್ದು ಬರೀ ಕಪ್ಪು ಪುಡಿ.

ಮಣ್ಣು ಓದಿದವಳು (ಚಿಂತಾಮಣಿ)

ಅಣ್ಣ, ನಾನು ಬಿಎಸ್ಸಿ ಅಗ್ರಿ ಮುಗಿಸಿ ಅಪ್ಪನ ಜೊತೆ ಜಮೀನು ನೋಡಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ಪೊಟ್ಟಣ ಬದುಕಿದ್ದಿದ್ದರೂ ಆ ಒಂದು ಚೀಲ ಯೂರಿಯಾ ಲೆಕ್ಕವೇ ತಪ್ಪಿತ್ತು.

ಶೇಂಗಾ, ಅವರೆ, ತೊಗರಿ ಬೇರಿನಲ್ಲಿ ಗಂಟು ನೋಡಿದ್ದೀರಲ್ಲ, ಅದು ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ. ಅದು ಮನೆ ಅಳಿಯ ಇದ್ದ ಹಾಗೆ. ಬೇರಿನ ಒಳಗೇ ಮನೆ ಮಾಡಿಕೊಂಡು, ಗಿಡ ಕೊಟ್ಟ ಸಕ್ಕರೆ ತಿಂದು, ಹಿಡಿದ ಸಾರಜನಕವನ್ನೆಲ್ಲ ಆ ಮನೆಗೇ ಕೊಡುತ್ತದೆ. ಜೋಳಕ್ಕೆ ಆ ಭಾಗ್ಯ ಇಲ್ಲ. ಜೋಳಕ್ಕೆ ಕೊಡುವ ಅಜೋಸ್ಪಿರಿಲಮ್ ಗಂಟು ಕಟ್ಟುವುದಿಲ್ಲ. ಬೇರಿನ ಮೇಲೆ, ಬೇರಿನ ಸುತ್ತಮುತ್ತ ಬಾಡಿಗೆಗೆ ಇರುತ್ತದೆ. ಗಾಳಿಯ ಸಾರಜನಕ ಹಿಡಿಯುತ್ತದೆ ನಿಜ, ಆದರೆ ಮೊದಲು ತನ್ನ ಹೊಟ್ಟೆಗೆ. ಗಿಡಕ್ಕೆ ದಕ್ಕುವುದು ಕಡಿಮೆ. ಅದರ ದೊಡ್ಡ ಉಪಕಾರ ಬೇರೆ ಇದೆ. ಬೇರು ಬೆಳೆಸುವ ಹಾರ್ಮೋನು, ಇಂಡೋಲ್ ಅಸಿಟಿಕ್ ಆಮ್ಲ, ಅದನ್ನು ಬಿಡುತ್ತದೆ. ಎಳೆ ಬೇರು ಕವಲೊಡೆದು ಕೂದಲು ಬೇರು ಜಾಸ್ತಿ ಆಗುತ್ತದೆ. ಜಾಸ್ತಿ ಬೇರಿದ್ದರೆ ಜಾಸ್ತಿ ನೀರು, ನೀವು ಹಾಕಿದ ಗೊಬ್ಬರವೂ ಜಾಸ್ತಿ ಸಿಗುತ್ತದೆ. ಅಂದರೆ ಇದು ಗೊಬ್ಬರದ ಬದಲಿಗೆ ಅಲ್ಲ, ಹಾಕಿದ ಗೊಬ್ಬರ ಗಿಡಕ್ಕೆ ಸೇರುವುದಕ್ಕೆ.

ಈಗ ದುಡ್ಡಿನ ಲೆಕ್ಕ. ನಮ್ಮ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ನೀರಾವರಿ ಹೈಬ್ರಿಡ್ ಜೋಳಕ್ಕೆ ಹೆಕ್ಟೇರಿಗೆ 150 ಕೆಜಿ ಸಾರಜನಕ. ಎಕರೆಗೆ 60 ಕೆಜಿ. 45 ಕೆಜಿ ಯೂರಿಯಾ ಚೀಲದಲ್ಲಿ ಇರುವುದು ಸುಮಾರು 20 ಕೆಜಿ ಸಾರಜನಕ. ನೀವು ಒಂದು ಚೀಲ ಬಿಟ್ಟಿರಿ ಅಂದರೆ ಗಿಡದ ಊಟದಲ್ಲಿ ಮೂರನೇ ಒಂದು ಭಾಗ ಕಿತ್ತುಕೊಂಡಿರಿ. ಕೆಳಗಿನ ಎಲೆ ತುದಿಯಿಂದ ಹಳದಿಯಾಗಿದ್ದು ಅದಕ್ಕೇ, ಅದು ಸಾರಜನಕದ ಹಸಿವು. ಒಂದು ಟನ್ ಕಾಳು ಬೆಳೆಯಲು ಜೋಳ 20ರಿಂದ 25 ಕೆಜಿ ಸಾರಜನಕ ಎತ್ತುತ್ತದೆ. ಇಷ್ಟನ್ನು ಬಾಡಿಗೆದಾರನ ಕೈಲಿ ತರಿಸುವುದು ಆಗದ ಮಾತು. ಎಲ್ಲ ಸರಿ ಇದ್ದು ಕಾಲು ಭಾಗ ಉಳಿಯಿತು ಅಂತಲೇ ಇಟ್ಟುಕೊಳ್ಳಿ, ಅದು 15 ಕೆಜಿ ಸಾರಜನಕ, ಯೂರಿಯಾದಲ್ಲಿ 33 ಕೆಜಿ. ಚೀಲಕ್ಕೆ 266 ರೂಪಾಯಿ 50 ಪೈಸೆ ಲೆಕ್ಕದಲ್ಲಿ 200 ರೂಪಾಯಿಯೂ ಆಗುವುದಿಲ್ಲ. ಚೀಲದ 266 ರೂಪಾಯಿ ಉಳಿಸಲು ಹೋಗಿ ನಾಲ್ಕು ಮೂಟೆ ಜೋಳ ಕಳೆದುಕೊಂಡಿರಿ.

ನಿಮ್ಮ ಮಣ್ಣು ಪರೀಕ್ಷೆ ಕಾರ್ಡಿನಲ್ಲಿ ನಿಜವಾದ ಉಳಿತಾಯ ಬೇರೆ ಕಡೆ ಇದೆ. ರಂಜಕ ಹೆಚ್ಚು ಅಂತ ಬಂದಿದೆಯಲ್ಲ, ಅದು ಟೊಮೇಟೊ ಕಾಲದ ಡಿಎಪಿ. ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿವೆ. ಪಿಎಸ್‌ಬಿ ಆಮ್ಲ ಬಿಟ್ಟು ಅದನ್ನು ಬಿಡಿಸುತ್ತದೆ. ಡಿಎಪಿ ಚೀಲ 1,350 ರೂಪಾಯಿ. ಇಲ್ಲಿ ಧೈರ್ಯವಾಗಿ ಅರ್ಧ ಕಮ್ಮಿ ಮಾಡಬಹುದು. ಯೂರಿಯಾಕ್ಕೆ ಮಾತ್ರ ಕೈ ಹಚ್ಚಬೇಡಿ.

ಬಯಲು ಗಾಳಿ (ಕೊರಟಗೆರೆ)

ಎಲ್ಲಾ ಅಂಗಡಿ ವ್ಯಾಪಾರ. ಪೊಟ್ಟಣ, ಬಾಟಲಿ, ಡಿಎಪಿ, ಯೂರಿಯಾ ಎಲ್ಲಾ ಬಿಟ್ಟು ಜೀವಾಮೃತ ಮಾಡಿ. 200 ಲೀಟರ್ ನೀರು, 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಮನೆಯಲ್ಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇದೆ. ನಾಟಿ ಹಸು ಒಂದು ಸಾಕು.

ಮಣ್ಣು ಓದಿದವಳು

ಅಣ್ಣ, ಜೀವಾಮೃತ ನಾವೂ ಮಾಡುತ್ತೇವೆ, ಬೇಡ ಅನ್ನುವುದಿಲ್ಲ. ಆದರೆ ಆ ಡ್ರಮ್ಮಿನಲ್ಲಿ ಯಾವ ಜೀವಿ ಎಷ್ಟಿದೆ ಅಂತ ಹೇಳಲು ಬರುವುದಿಲ್ಲ, ಇವತ್ತಿನ ಡ್ರಮ್ಮು ಬೇರೆ, ಮುಂದಿನ ವಾರದ್ದು ಬೇರೆ. 10 ಕೆಜಿ ಸಗಣಿಯಲ್ಲಿ ಇರುವ ಸಾರಜನಕ ಒಂದೆರಡು ಹಿಡಿ ಯೂರಿಯಾದಲ್ಲಿ ಇರುವಷ್ಟೇ. ರಾಗಿಗೆ ಹೇಗೋ ನಡೆಯಬಹುದು. ಹೈಬ್ರಿಡ್ ಜೋಳ ಹೊಟ್ಟೆಬಾಕ.

ಬಯಲು ಗಾಳಿ

ಓದಿದವರಿಗೆ ಎಲ್ಲಾ ಲೆಕ್ಕ. ನಮ್ಮ ತಾತ ಯಾವ ಲೆಕ್ಕ ಹಾಕಿದ್ದರು?

ಬದುಮೇಲಿನ ಹೊಂಗೆ

ನಿಮ್ಮ ತಾತ ಹೈಬ್ರಿಡ್ ಜೋಳ ಇಟ್ಟಿರಲಿಲ್ಲ ಗುರು. ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಅಲಸಂದೆ ಬಿಟ್ಟು ರಾಗಿ ಬೆಳೆದರು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಗಾಡಿ ಕಟ್ಟಿ ಕೆರೆ ಗೋಡು, ಅಂದರೆ ಹೂಳು ಮಣ್ಣು ಹೊಡೆದರು. ನೀವು ಆ ಎರಡೂ ಮಾಡುತ್ತಿದ್ದೀರಾ?

ಬಯಲು ಗಾಳಿ

ಗೋಡು ಹೊಡೆಯಲು ಈಗ ಯಾರಿದ್ದಾರೆ.

ಹಾಲು ಕ್ಯಾನು (ಮಾಲೂರು)

ನಮ್ಮ ಕಡೆ ಇನ್ನೊಂದು ಸಂಕಟ. 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಕೋಲಾರದ ಕೆರೆಗಳಿಗೆ ಹರಿಯಲು ಶುರುವಾದ ಮೇಲೆ ಅಂತರ್ಜಲಕ್ಕೆ ಒಳ್ಳೆಯದಾಯಿತು ಅನ್ನುತ್ತಾರೆ, ಆಗಿರಲಿ. ಆದರೆ ನೀರು ನಿಂತ ಕೆರೆಯಿಂದ ಗೋಡು ತೆಗೆಯುವುದು ಹೇಗೆ? ಬತ್ತಿದ ಕೆರೆ ಹುಡುಕಿಕೊಂಡು ಟ್ರ್ಯಾಕ್ಟರ್ ಓಡಿಸಬೇಕು.

ನಾನು ಹೇಳಲು ಬಂದ ವಿಷಯ ಬೇರೆ. ನನ್ನ ಹತ್ತಿರ ಒಂಬತ್ತು ಸೀಮೆಹಸು ಇವೆ. ಜೋಳದ ಕಾಳು ಮಂಡಿಗೆ, ಸೆಪ್ಪೆ, ಅಂದರೆ ಕಾಂಡ ಎಲೆ, ಪೂರ್ತಿ ಹಸುಗೆ. ಹಾಲುತೆನೆ ಹೊತ್ತಿಗೆ ಗಿಡ ಕೊಯ್ದು ಸೈಲೇಜ್ (ರಸಮೇವು) ಗುಂಡಿಗೆ ಹಾಕುವವರ ಹೊಲದಲ್ಲಂತೂ ಬುಡದ ಕೂಳೆ ಬಿಟ್ಟು ಏನೂ ಉಳಿಯುವುದಿಲ್ಲ. ಮೂರು ವರ್ಷ ಹೀಗೇ ಮಾಡಿದೆ. ಮಣ್ಣು ಮಳೆ ಬಿದ್ದ ಮಾರನೆಯ ದಿನ ಹಪ್ಪಳದ ಹಾಗೆ ಮೇಲೆ ಗಟ್ಟಿ ಕಟ್ಟುತ್ತಿತ್ತು. ಜೋಳದ ಮೊಳಕೆ ಆ ಹಪ್ಪಳವನ್ನು ಒಡೆದು ಬರಲಾಗದೆ ಒಳಗೇ ಸುರುಳಿ ಸುತ್ತಿಕೊಂಡಿತ್ತು, ಬೆರಳಲ್ಲಿ ಎತ್ತಿ ನೋಡಿದ್ದೇನೆ.

ಕೆಂಪುಮಣ್ಣು ಅಣ್ಣ, ನಿಮ್ಮ ಕಾರ್ಡಲ್ಲಿ 0.34 ಅಂತ ಇದೆಯಲ್ಲ, ಎಲ್ಲರೂ ಸಾರಜನಕ ರಂಜಕ ಅಂತ ಮಾತಾಡುತ್ತಿದ್ದೀರಿ, ನನ್ನ ಕಣ್ಣಿಗೆ ಬಿದ್ದದ್ದು ಅದೊಂದೇ. 0.5ಕ್ಕಿಂತ ಕೆಳಗೆ ಅಂದರೆ ಕಡಿಮೆ. ಆ ಬ್ಯಾಕ್ಟೀರಿಯಾ ತಿನ್ನುವುದು ಏನನ್ನು? ಅದಕ್ಕೂ ಅನ್ನ ಬೇಕಲ್ವಾ? ನೆಂಟರನ್ನು ಕರೆದು ಖಾಲಿ ಪಾತ್ರೆ ಮುಂದೆ ಕೂರಿಸಿದ ಹಾಗೆ ಆಗುತ್ತದೆ. ನಿಮ್ಮ ಹೊಲದ ತಿಪ್ಪೆ ಗೊಬ್ಬರ ಎಲ್ಲಿಗೆ ಹೋಗುತ್ತದೆ?

ಕೆಂಪುಮಣ್ಣು

ನಿಜ ಹೇಳಬೇಕೆಂದರೆ ಎರಡು ಹಸುವಿನ ಗೊಬ್ಬರ ಪೂರ್ತಿ ಹೂವಿನ ತೋಟಕ್ಕೆ ಹೋಗುತ್ತದೆ. ಚೆಂಡು ಹೂವಲ್ಲಿ ದುಡ್ಡು ಬೇಗ ಬರುತ್ತದೆ. ಜೋಳದ ಹೊಲ ನಾಲ್ಕು ವರ್ಷದಿಂದ ತಿಪ್ಪೆ ಗೊಬ್ಬರ ಕಂಡಿಲ್ಲ. ಸೆಪ್ಪೆ ಮಾರುತ್ತೇವೆ.

ಹಾಲು ಕ್ಯಾನು

ಹಾಗಾದರೆ ಪೊಟ್ಟಣದ ಮೇಲೆ ಯಾಕೆ ತಪ್ಪು ಹೊರಿಸುತ್ತೀರಿ.

ಗೂಡು ಬಿಡಿಸುವವ (ಶಿಡ್ಲಘಟ್ಟ)

ನನ್ನದೂ ಒಂದು ದಡ್ಡತನ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ಎರಡು ವರ್ಷದ ಹಿಂದೆ ದ್ರವ ರೂಪದ ಬ್ಯಾಕ್ಟೀರಿಯಾ ಬಾಟಲಿ ತಂದಿದ್ದೆ. ತಂಪಲ್ಲಿಟ್ಟೆ, ಅವಧಿ ನೋಡಿದೆ, ಡಿಎಪಿ ಹತ್ತಿರವೂ ಸುಳಿಯಲಿಲ್ಲ. ಡ್ರಮ್ಮಲ್ಲಿ ನೀರು ತುಂಬಿ, ಬೆಲ್ಲ ಕದಡಿ, ಬಾಟಲಿ ಸುರಿದು ಡ್ರಿಪ್ಪಿನಲ್ಲಿ ಬಿಟ್ಟೆ. ಸಂಜೆ ಹೆಂಡತಿ ಕೇಳಿದಳು, ಹುಳು ಮನೆ ತೊಳೆಯುವ ಡ್ರಮ್ಮು ಎಲ್ಲಿ ಅಂತ. ಬೆಳೆ ಎದ್ದ ಮೇಲೆ ರೇಷ್ಮೆ ಮನೆಗೆ ಬ್ಲೀಚಿಂಗ್ ಪೌಡರ್ ಕಲಸುವ ಡ್ರಮ್ಮು ಅದು! ಅಂಚಲ್ಲಿ ಬಿಳಿ ಕರೆ ಕಟ್ಟಿಕೊಂಡಿತ್ತು, ನಾನು ಸುಣ್ಣ ಅಂದುಕೊಂಡಿದ್ದೆ.

ಹುಳು ಮನೆ ಕಸ, ಹಿಪ್ಪುನೇರಳೆ ಕಡ್ಡಿ, ಹಿಕ್ಕೆ ಎಲ್ಲ ಬಹಳ ಒಳ್ಳೆಯ ಗೊಬ್ಬರ, ಆದರೆ ಹುಳುವಿನ ಹಾಸಿಗೆಗೆ ಉದುರಿಸಿದ ಸೋಂಕುನಾಶಕ ಪುಡಿ, ಸುಣ್ಣ ಅದರಲ್ಲಿ ಸೇರಿರುತ್ತದೆ. ಗುಂಡಿಯಲ್ಲಿ ಚೆನ್ನಾಗಿ ಕೊಳೆತ ಮೇಲೆಯೇ ಇಂಥ ಪೊಟ್ಟಣ ಬೆರೆಸಿ. ಹಸಿ ಕಸಕ್ಕೆ ಬೇಡ.

ಮೂರು ಗುಂಟೆ (ಬಾಗೇಪಲ್ಲಿ)

ಒಂದು ಸಣ್ಣ ಅನುಮಾನ. ನಮಗೆ ಬರುವ ಬೀಜ ಆಗಲೇ ಗುಲಾಬಿ ಬಣ್ಣ ಹಚ್ಚಿಕೊಂಡು ಬರುತ್ತದೆ. ಅದರ ಮೇಲೆ ಬೆಲ್ಲದ ನೀರಲ್ಲಿ ಬ್ಯಾಕ್ಟೀರಿಯಾ ಸವರಬಹುದಾ?

ಮಣ್ಣು ಓದಿದವಳು

ಬೇಡ ಅಣ್ಣ. ಆ ಬಣ್ಣದಲ್ಲಿ ಶಿಲೀಂಧ್ರನಾಶಕ ಇರುತ್ತದೆ, ಎಷ್ಟೋ ಕಂಪನಿಯದರಲ್ಲಿ ಸುಳಿ ತಿನ್ನುವ ಸೈನಿಕ ಹುಳುವಿಗೆ (ಫಾಲ್ ಆರ್ಮಿವರ್ಮ್) ಕೀಟನಾಶಕವೂ ಇರುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಹಚ್ಚುವುದು ಅಷ್ಟು ಲಾಭ ಇಲ್ಲ. ನೀವೇ ಉಪಚಾರ ಮಾಡುವ ಬೀಜವಾದರೆ ಕ್ರಮ ಹೀಗೆ: ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಕಟ್ಟಕಡೆಗೆ ಬ್ಯಾಕ್ಟೀರಿಯಾ. ಹತ್ತು ಕೆಜಿ ಬೀಜಕ್ಕೆ 200 ಗ್ರಾಂ, ಆರಿದ ಬೆಲ್ಲದ ಪಾಕದಲ್ಲಿ. ನೆರಳಲ್ಲಿ ಅರ್ಧ ಗಂಟೆ ಆರಿಸಿ ಅವತ್ತೇ ಊರಬೇಕು. ಬಣ್ಣದ ಬೀಜದವರು ಕಳಿತ ತಿಪ್ಪೆ ಗೊಬ್ಬರದ ಮೂಲಕವೇ ಸಾಲಿಗೆ ಕೊಡಿ.

ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ನೋಡಿ. ಜೈವಿಕ ಗೊಬ್ಬರಗಳು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ಬಂದಿವೆ. ಪುಡಿಯಾದರೆ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವವಾದರೆ ಮಿಲಿಲೀಟರಿಗೆ 10 ಕೋಟಿ ಜೀವಕೋಶ ಇರಬೇಕು ಅಂತ ನಿಯಮ. ಬ್ಯಾಕ್ಟೀರಿಯಾದ ಹೆಸರು, ಬ್ಯಾಚು, ತಯಾರಾದ ದಿನ, ಅವಧಿ ಇರಬೇಕು. 'ಸರ್ವಬೆಳೆ ಸಂಜೀವಿನಿ' ತರದ ಹೆಸರಿಟ್ಟು ಒಳಗೆ ಏನಿದೆ ಅಂತಲೇ ಬರೆಯದ ಡಬ್ಬ ತರಬೇಡಿ. ಪುಡಿ ಒಣಗಿ ಹಾರುತ್ತಿದ್ದರೆ ಅದೂ ಬೇಡ, ಕೈಯಲ್ಲಿ ಹಿಡಿದರೆ ತೇವ ಗೊತ್ತಾಗಬೇಕು.

ಇನ್ನೊಂದು, ರೈಜೋಬಿಯಂ ಪೊಟ್ಟಣವನ್ನು ಜೋಳಕ್ಕೆ ಮಾರುವವರೂ ಇದ್ದಾರೆ. ಶೇಂಗಾ ಪೊಟ್ಟಣ ಜೋಳಕ್ಕೆ ಕೆಲಸಕ್ಕೆ ಬರುವುದಿಲ್ಲ. ಟ್ರೈಕೋಡರ್ಮ, ಮೈಕೊರೈಜಾ ಇವೆರಡೂ ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ. ಶಿಲೀಂಧ್ರನಾಶಕದ ಜೊತೆ ಅವನ್ನೂ ಕಲಸಬೇಡಿ.

ಮೂರು ಗುಂಟೆ

ಸೈನಿಕ ಹುಳು ಅಂದಿರಿ, ನೆನಪಾಯಿತು. 2018ರಲ್ಲಿ ಆ ಹುಳು ದೇಶದಲ್ಲೇ ಮೊದಲು ಕಾಣಿಸಿದ್ದು ನಮ್ಮ ಕರ್ನಾಟಕದಲ್ಲಿ. ಆ ವರ್ಷ ಸುಳಿಯೊಳಗೆ ಮರದ ಪುಡಿ ತುಂಬಿದ ಹಾಗೆ ಹಿಕ್ಕೆ. ಏನು ಅಂತಲೇ ಗೊತ್ತಾಗಲಿಲ್ಲ, ಕಾಂಡ ಕೊರೆಯುವ ಹುಳು ಅಂತ ಔಷಧಿ ಹೊಡೆದೆವು. ಇರಲಿ, ವಿಷಯ ಬಿಟ್ಟು ಹೋಗುತ್ತಿದ್ದೇನೆ.

ಇನ್ನೊಂದು ಕೇಳಬೇಕು. ನನ್ನ ಮಗ ಮೊಬೈಲಲ್ಲಿ ತೋರಿಸಿದ, ಯೂರಿಯಾನೇ ಬೇಡದ ಜೋಳ ಇದೆಯಂತೆ. ಸುಳ್ಳು ತಾನೆ?

ಮಣ್ಣು ಓದಿದವಳು

ಪೂರ್ತಿ ಸುಳ್ಳಲ್ಲ! ಮೆಕ್ಸಿಕೋದ ಸಿಯೆರಾ ಮಿಹೆ ಬೆಟ್ಟಗಳಲ್ಲಿ ಒಂದು ನಾಟಿ ಜೋಳ ಇದೆ. ಕಾಂಡದ ಮೇಲಿನ ಗೆಣ್ಣುಗಳಲ್ಲೂ ಗಾಳಿಬೇರು ಬಂದು, ಅದರಿಂದ ಲೋಳೆ ಸುರಿಯುತ್ತದೆ. ಆ ಲೋಳೆಯಲ್ಲಿ ಬ್ಯಾಕ್ಟೀರಿಯಾ ಕೂತು ಸಾರಜನಕ ಹಿಡಿಯುತ್ತವೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಗಿಡದ ಸಾರಜನಕದಲ್ಲಿ ಶೇ. 29ರಿಂದ 82ರಷ್ಟು ಗಾಳಿಯಿಂದ ಬಂದದ್ದು ಅಂತ ಕಂಡಿದ್ದಾರೆ. ಆದರೆ ಅದು ಮೋಡ, ತೇವ ಇರುವ ಬೆಟ್ಟದ ಗಿಡ, ಎತ್ತರ ಆಳೆರಡು ಮೀರುತ್ತದೆ, ಬಲಿಯಲು ತಿಂಗಳುಗಟ್ಟಲೆ ಬೇಕು. ಬಾಗೇಪಲ್ಲಿಯ ಬಿಸಿಲಿಗೆ ಆ ಲೋಳೆ ಮಧ್ಯಾಹ್ನಕ್ಕೇ ಅಂಟು ಆಗಿಬಿಡುತ್ತದೆ.

ಬ್ರೆಜಿಲ್‌ನಲ್ಲಂತೂ ಅಜೋಸ್ಪಿರಿಲಮ್ ದೊಡ್ಡ ಮಟ್ಟದಲ್ಲಿ ಜೋಳಕ್ಕೆ ಬಳಸುತ್ತಾರೆ. ಈ ಬ್ಯಾಕ್ಟೀರಿಯಾ ಹುಲ್ಲಿನ ಜಾತಿಯ ಬೇರಲ್ಲಿ ಏನು ಮಾಡುತ್ತದೆ ಅಂತ 1970ರ ದಶಕದಲ್ಲಿ ತೋರಿಸಿದ್ದು ಅಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಜೊಹಾನಾ ಡೊಬೆರೈನರ್. ಅಲ್ಲಿಯೂ ಯೂರಿಯಾ ಪೂರ್ತಿ ಬಿಟ್ಟಿಲ್ಲ. 1994ರಲ್ಲಿ ಹಿಂದಿನ ಇಪ್ಪತ್ತು ವರ್ಷದ ಹೊಲದ ಪ್ರಯೋಗಗಳನ್ನು ಗುಡ್ಡೆ ಹಾಕಿ ನೋಡಿದವರು, ನೂರಕ್ಕೆ 60–70 ಕಡೆ ಇಳುವರಿ ಏರಿದೆ, ಏರಿದ ಕಡೆ ಶೇ. 5ರಿಂದ 30 ಅಂತ ಬರೆದರು. ಹಾಗಾದರೆ ಉಳಿದ 30–40 ಕಡೆ ಏನೂ ಆಗಿಲ್ಲ. ಅಂಗಡಿಯವರು ಈ ಅರ್ಧವನ್ನು ಹೇಳುವುದಿಲ್ಲ.

ಕೆಂಪುಮಣ್ಣು

ಹಾಗಾದರೆ ನನ್ನ ಹೊಲ 60ರಲ್ಲಿ ಬರುತ್ತದಾ 40ರಲ್ಲಿ ಬರುತ್ತದಾ ಅಂತ ಹೇಗೆ ಗೊತ್ತಾಗಬೇಕು? ಹೋದ ವರ್ಷ ಪಕ್ಕದವರ ಹೊಲ ನೋಡಿಕೊಂಡೇ ನಾನು ಲೆಕ್ಕ ಹಾಕಿದ್ದು.

ಬದುಮೇಲಿನ ಹೊಂಗೆ

ಪಕ್ಕದವರ ಹೊಲ ಲೆಕ್ಕಕ್ಕಿಲ್ಲ. ಅವರ ಬೀಜ ಬೇರೆ, ಊರಿದ ದಿನ ಬೇರೆ, ಯೂರಿಯಾ ಬೇರೆ. ನಿಮ್ಮ ಹೊಲದಲ್ಲೇ ಹಾಕದ ಸಾಲು ಬಿಡಬೇಕು.

ನಾನು ಮಾಡುವ ರೀತಿ ಹೇಳುತ್ತೇನೆ. ಹೊಲದ ಉದ್ದಕ್ಕೆ ಎಂಟು ಸಾಲು ಹಾಕಿದ್ದು, ಎಂಟು ಸಾಲು ಹಾಕದ್ದು. ಬೀಜ, ಯೂರಿಯಾ, ನೀರು ಎಲ್ಲ ಒಂದೇ. ಹೀಗೆ ಹೊಲದಲ್ಲಿ ಮೂರು ಕಡೆ, ಯಾಕೆಂದರೆ ಪ್ರತಿ ಹೊಲದಲ್ಲೂ ಹಳೇ ತಿಪ್ಪೆ ಇದ್ದ ಜಾಗ, ಬೇವಿನ ಮರದ ನೆರಳು, ನೀರು ನಿಲ್ಲುವ ತಗ್ಗು ಇರುತ್ತದೆ. ಒಂದೇ ಕಡೆ ನೋಡಿದರೆ ಆ ಜಾಗದ ಗುಣವನ್ನೇ ಪೊಟ್ಟಣದ ಗುಣ ಅಂದುಕೊಳ್ಳುತ್ತೀರಿ. ಹಾಕದ ಸಾಲನ್ನೇ ಮೊದಲು ಊರಿ. ಕೈ, ಬುಟ್ಟಿ, ಕೂರಿಗೆಗೆ ಬ್ಯಾಕ್ಟೀರಿಯಾ ಅಂಟಿಕೊಂಡ ಮೇಲೆ 'ಹಾಕದ ಸಾಲು' ಅನ್ನುವುದೇ ಸುಳ್ಳಾಗುತ್ತದೆ. ಹಗ್ಗ ಕಟ್ಟಿ ಗೂಟ ಹೊಡೆಯಿರಿ, ಗೂಟ ಕಳೆ ತೆಗೆಯುವವರು ಕಿತ್ತು ಬಿಸಾಡದ ಹಾಗೆ ಬದುವಿನ ಕಲ್ಲಿಗೂ ಬಣ್ಣ ಬಳಿಯಿರಿ. ನನ್ನ ಮೊದಲ ವರ್ಷದ ಪ್ರಯೋಗ ಹಾಳಾಗಿದ್ದು ಹಾಗೇ, ಗೂಟ ಒಲೆಗೆ ಹೋಗಿತ್ತು.

ತೆನೆ ಮುರಿಯುವಾಗ ಅಂಚಿನ ಸಾಲು ಬಿಟ್ಟು ನಡುವಿನ ನಾಲ್ಕು ಸಾಲಲ್ಲಿ ಹತ್ತು ಮೀಟರ್ ಅಳೆದು ತೂಗಿ. ಕಣ್ಣಲ್ಲಿ ನೋಡಿ 'ಚೆನ್ನಾಗಿದೆ' ಅನ್ನುವುದು ಬೇಡ. ದುಡ್ಡು ಕೊಟ್ಟು ತಂದದ್ದು ನಮ್ಮ ಕಣ್ಣಿಗೆ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

ಹಾಲು ಕ್ಯಾನು

ಇದರ ಜೊತೆ ತಿಪ್ಪೆ ಗೊಬ್ಬರ ಹಾಕಿದ್ದು, ಹಾಕದ್ದು ಅಂತಲೂ ಬಿಡಿ. ಆಗ ನಾನು ಹೇಳಿದ್ದು ಸರಿಯೋ ತಪ್ಪೋ ಗೊತ್ತಾಗುತ್ತದೆ.

ಕೆಂಪುಮಣ್ಣು – ಜೂನ್ 8

ಸರಿ, ತೀರ್ಮಾನ ಮಾಡಿದೆ. ನಾಲ್ಕು ಬಗೆ: ಬರೀ ಜೋಳ, ಬರೀ ಬ್ಯಾಕ್ಟೀರಿಯಾ, ಬರೀ ಗೊಬ್ಬರ, ಗೊಬ್ಬರ ಮತ್ತು ಬ್ಯಾಕ್ಟೀರಿಯಾ. ಮೂರು ಕಡೆ. ಯೂರಿಯಾ ಎಲ್ಲಕ್ಕೂ ಪೂರ್ತಿ, ಡಿಎಪಿ ಎಲ್ಲಕ್ಕೂ ಅರ್ಧ. ಹೂವಿನ ತೋಟದ ಪಾಲಿನಿಂದ ನಾಲ್ಕು ಟ್ರಾಲಿ ತಿಪ್ಪೆ ಗೊಬ್ಬರ ತಂದಿದ್ದೇನೆ. ಮನೆಯಲ್ಲಿ ಅಪ್ಪ ಇನ್ನೂ ಗೊಣಗುತ್ತಿದ್ದಾರೆ.

ಪೊಟ್ಟಣ ಈ ಸಲ ಬೇರೆ ಕಡೆ ತಂದೆ, ತಯಾರಾಗಿ ಒಂದೂವರೆ ತಿಂಗಳು ಆಗಿದೆ. ಎರಡೂ ಸೇರಿ ನಾಲ್ಕು ಕೆಜಿ, ನೂರು ಕೆಜಿ ಕಳಿತ ಗೊಬ್ಬರದಲ್ಲಿ ಕಲಸಿ, ಹುಣಸೆ ಮರದ ಕೆಳಗೆ ಗುಡ್ಡೆ ಮಾಡಿ ಹಸಿ ಗೋಣಿಚೀಲ ಮುಚ್ಚಿದ್ದೇನೆ. ದಿನಾ ಬೆಳಗ್ಗೆ ಒಂದು ಚೊಂಬು ನೀರು ಚಿಮುಕಿಸುತ್ತೇನೆ. ನಾಲ್ಕನೇ ದಿನಕ್ಕೆ ಗುಡ್ಡೆಯೊಳಗೆ ಕೈ ಇಟ್ಟರೆ ಮಳೆ ಬಿದ್ದ ಮಣ್ಣಿನ ವಾಸನೆ ಬಂತು. 'ಬರೀ ಬ್ಯಾಕ್ಟೀರಿಯಾ' ಸಾಲಿಗೆ ಗೊಬ್ಬರ ಸೇರಬಾರದಲ್ಲ, ಅದಕ್ಕೆ ಬೇರೆ ಒಂದು ಪೊಟ್ಟಣವನ್ನು ತೇವದ ಹೊಲದ ಮಣ್ಣಲ್ಲಿ ಕಲಸಿದ್ದೇನೆ.

ಮಣ್ಣು ಓದಿದವಳು

ಅಣ್ಣ, ನೀವು ನಮ್ಮ ಕಾಲೇಜಿನ ಪ್ರಾಜೆಕ್ಟಿಗಿಂತ ಚೆನ್ನಾಗಿ ಮಾಡುತ್ತಿದ್ದೀರಿ. ಸತು ಮರೆಯಬೇಡಿ, ಎಕರೆಗೆ 10 ಕೆಜಿ ಸತುವಿನ ಸಲ್ಫೇಟ್. ಡಿಎಪಿ ಜೊತೆ ಕಲಸದೆ ಬೇರೆಯಾಗಿ ಹಾಕಿ, ಇಲ್ಲದಿದ್ದರೆ ಒಂದನ್ನೊಂದು ಕಟ್ಟಿಕೊಳ್ಳುತ್ತವೆ. ಎಳೆ ಸುಳಿಯ ಎಲೆ ಬುಡದಲ್ಲಿ ಬಿಳಿ ಪಟ್ಟಿ ಬಂದರೆ ಅದು ಸತುವಿನ ಕೊರತೆ, ರೋಗ ಅಲ್ಲ.

ಕೆಂಪುಮಣ್ಣು – ಜುಲೈ 14

ಊರಿ 27 ದಿನ ಆಯಿತು. ಮೇಲೆ ನೋಡಿದರೆ ನಾಲ್ಕೂ ಒಂದೇ, ಎಲೆಯ ಬಣ್ಣ ಕೂಡ. ಬೇಜಾರಾಗಿ ಬುಡ ಅಗೆದು ನೋಡಿದೆ. ಕಿತ್ತರೆ ಬೇರು ಹರಿಯುತ್ತದೆ ಅಂತ ಗುದ್ದಲಿಯಲ್ಲಿ ಮಣ್ಣಿನ ಗಡ್ಡೆ ಸಮೇತ ಎತ್ತಿ ಬಕೆಟ್ ನೀರಲ್ಲಿ ಅರ್ಧ ಗಂಟೆ ನೆನೆಸಿದೆ. ಬರೀ ಜೋಳದ ಗಡ್ಡೆ ನೀರಲ್ಲಿ ಕರಗಿ ಕೆಂಪು ಕೆಸರಾಯಿತು, ಬೇರು ಬೆತ್ತಲೆ. ಗೊಬ್ಬರ ಮತ್ತು ಬ್ಯಾಕ್ಟೀರಿಯಾ ಸಾಲಿನ ಬೇರಿಗೆ ಮಣ್ಣು ಇನ್ನೂ ಸಣ್ಣ ಸಣ್ಣ ಕಾಳಾಗಿ ಅಂಟಿಕೊಂಡೇ ಇತ್ತು, ಕೈಯಾಡಿಸಿದರೂ ಪೂರ್ತಿ ಬಿಡಲಿಲ್ಲ. ಸಣ್ಣ ಬೇರು ಹತ್ತಿಯ ಹಾಗೆ. ಬರೀ ಗೊಬ್ಬರದ್ದೂ ಸುಮಾರು ಹಾಗೇ. ಬರೀ ಬ್ಯಾಕ್ಟೀರಿಯಾದ್ದು ಬರೀ ಜೋಳದ ಹಾಗೇ ಇದೆ. ಮೂರು ಮೂರು ಗಿಡ ನೋಡಿದೆ, ಅಷ್ಟೆ. ಅಪ್ಪನೂ ಬಂದು ಬಕೆಟ್ ಬಗ್ಗಿ ನೋಡಿದರು, ಏನೂ ಹೇಳಲಿಲ್ಲ.

ಬಯಲು ಗಾಳಿ

ಗೊಬ್ಬರ ಅಂತ ನಾನೂ ಹೇಳಿದ್ದು ಅದನ್ನೇ ಅಲ್ವಾ.

ಬದುಮೇಲಿನ ಹೊಂಗೆ

ನೀವು ಹೇಳಿದ್ದು ಡ್ರಮ್ಮು. ಇವರು ಹಾಕಿದ್ದು ನಾಲ್ಕು ಟ್ರಾಲಿ.

ಕೆಂಪುಮಣ್ಣು – ನವೆಂಬರ್ 3

ತಡವಾಯಿತು, ಕ್ಷಮಿಸಿ. ಆಗಸ್ಟಲ್ಲಿ ಹದಿನೆಂಟು ದಿನ ಮಳೆ ಇರಲಿಲ್ಲ, ಬೋರು ಒಂದು ಇಂಚಿಗೆ ಇಳಿಯಿತು. ಆಗ ವ್ಯತ್ಯಾಸ ಕಂಡಿತು. ಬರೀ ಜೋಳದ ಸಾಲು ಬೆಳಗ್ಗೆ ಹತ್ತೂವರೆಗೇ ಎಲೆ ಈರುಳ್ಳಿ ಎಲೆ ಹಾಗೆ ಸುತ್ತಿಕೊಳ್ಳುತ್ತಿತ್ತು. ಗೊಬ್ಬರದ ಸಾಲು ಒಂದು ಗಂಟೆವರೆಗೆ ತಡೆಯಿತು.

ತೂಕ ಇಲ್ಲಿದೆ. ನಾಲ್ಕು ಸಾಲು, ಹತ್ತು ಮೀಟರ್, ಸಿಪ್ಪೆ ಬಿಡಿಸಿದ ತೆನೆ, ಮೂರು ಕಡೆಯ ಸರಾಸರಿ. ಬರೀ ಜೋಳ 15 ಕೆಜಿ. ಬರೀ ಬ್ಯಾಕ್ಟೀರಿಯಾ 15 ಕೆಜಿ 300 ಗ್ರಾಂ. ಬರೀ ಗೊಬ್ಬರ 17 ಕೆಜಿ 800 ಗ್ರಾಂ. ಎರಡೂ ಸೇರಿದ್ದು 18 ಕೆಜಿ 600 ಗ್ರಾಂ. ಡಿಎಪಿ ಅರ್ಧ ಮಾಡಿದ್ದಕ್ಕೆ ಎಲ್ಲೂ ರಂಜಕದ ಕೊರತೆ ತೋರಿಸುವ ನೇರಳೆ ಬಣ್ಣದ ಎಲೆ ಕಾಣಲಿಲ್ಲ.

ಮಣ್ಣು ಓದಿದವಳು

ಬರೀ ಬ್ಯಾಕ್ಟೀರಿಯಾದ 300 ಗ್ರಾಂ ಲೆಕ್ಕಕ್ಕಿಲ್ಲ. ಕಡೆಯ ಎರಡರ ನಡುವಿನ 800 ಗ್ರಾಂ ಮೂರೂ ಕಡೆ ಒಂದೇ ತರ ಬಂತಾ?

ಕೆಂಪುಮಣ್ಣು

ಇಲ್ಲ. ಎರಡು ಕಡೆ ಎರಡೂ ಸೇರಿದ್ದು ಮುಂದೆ, ಬೇವಿನ ಮರದ ಕಡೆ ಬರೀ ಗೊಬ್ಬರ ಸ್ವಲ್ಪ ಮುಂದೆ.

ಮಣ್ಣು ಓದಿದವಳು

ಹಾಗಾದರೆ ಆ 800 ಗ್ರಾಂ ಬಗ್ಗೆ ಈಗಲೇ ಏನೂ ಹೇಳಬೇಡಿ ಅಣ್ಣ. ಇನ್ನೊಂದು ವರ್ಷ ಅದೇ ಗೂಟ, ಅದೇ ಸಾಲು. ಗೊಬ್ಬರದ್ದು ಮಾತ್ರ ಯಾರು ನೋಡಿದರೂ ಒಪ್ಪುವಷ್ಟಿದೆ.

ಬದುಮೇಲಿನ ಹೊಂಗೆ

ಸೆಪ್ಪೆ ಏನು ಮಾಡಿದಿರಿ? ಮಾರಿದಿರಾ?

ಕೆಂಪುಮಣ್ಣು

ಅರ್ಧ ಹಸುಗಳಿಗೆ ಇಟ್ಟುಕೊಂಡೆ. ಅರ್ಧ ಕತ್ತರಿಸಿ ಹೊಲಕ್ಕೇ ಹರಡಿ, ಸಗಣಿ ನೀರು ಹಾಕಿ ರೋಟವೇಟರ್ ಹೊಡೆಸಿದೆ. ಮುಂದಿನ ಬಿತ್ತನೆಗೆ ಇನ್ನೂ ತಿಂಗಳುಗಳಿವೆ, ಕೊಳೆಯುತ್ತದೆ. ಅಪ್ಪ ಎರಡು ದಿನ ಮಾತು ಬಿಟ್ಟರು.

ಹಾಲು ಕ್ಯಾನು

ಅಯ್ಯೋ, ಆ ಅರ್ಧ ನನಗೆ ಕೊಟ್ಟಿದ್ದರೆ ಟ್ರ್ಯಾಕ್ಟರ್ ಬಾಡಿಗೆ ಸಮೇತ ದುಡ್ಡು ಕೊಡುತ್ತಿದ್ದೆ ಗುರು.

ಕೆಂಪುಮಣ್ಣು

ದುಡ್ಡು ಬೇಡ. ಮುಂದಿನ ವರ್ಷ ಬನ್ನಿ. ಒಂದು ಲೋಡು ಸೆಪ್ಪೆಗೆ ಒಂದು ಲೋಡು ಗೊಬ್ಬರ, ಕಳಿತಿರಬೇಕು.

ಹಾಲು ಕ್ಯಾನು

ಮಾಲೂರಿಂದ ಗೌರಿಬಿದನೂರಿಗೆ ಸಗಣಿ ಹೊರಿಸುತ್ತೀರಲ್ಲ! ನೋಡೋಣ, ಡೀಸೆಲ್ ಅರ್ಧ ಅರ್ಧ.